ದಿಡ್ಡಿಬಾಗಿಲು

ಕಳೆದ ಮುಂಗಾರಿನ ಒಂದು ಸಂಜೆ ನಮ್ಮ ವಸತಿ ಸಮುಚ್ಚಯದ ಹೆಬ್ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆಯದಿರುವುದೂ ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ವಾಚಕರು ಕೇಳಬಹುದು. ಹಳೆಯ ಕಾಲದ ಬಾಗಿಲಾಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಅಗುಳಿ ಸಿಕ್ಕಿಕೊಂಡಿದೆ, ತುಸು ಎತ್ತಿ ಎಳೆಯಿರಿ ಎಂದು ಹೇಳಿ ಮುಗಿಸುತ್ತಿದ್ದೆ. ಈ ಬಾಗಿಲು ಅಂಥದಲ್ಲ. ಇದಕ್ಕೆ ಅಗುಳಿಯಿಲ್ಲ, ಚಿಲಕವಿಲ್ಲ, ಬೀಗದ ಕೈಯಿಲ್ಲ. ಬಂದವರು ಯಾರೆಂದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ, ತಿಳಿದರೆ ತೆರೆಯುತ್ತದೆ ಎಂದು ಹೇಳಿ ನಮ್ಮ ಸಂಘದವರು ಮೂರು ವರ್ಷಗಳ ಹಿಂದೆ ಅದನ್ನು ಹಾಕಿಸಿದರು. ಹಾಕಿಸುವ ನಿರ್ಣಯಕ್ಕೆ ಸಭೆಯಲ್ಲಿ ನಾನೂ ಕೈಯೆತ್ತಿದವನೇ. ಆದುದರಿಂದ ಮುಂದೆ ಹೇಳುವ ಮಾತುಗಳಲ್ಲಿ ಬೈಗುಳವೇನಾದರೂ ಇದ್ದರೆ ಅದರಲ್ಲಿ ನನ್ನ ಪಾಲೂ ಉಂಟು.

ಅಂದು ಬೆಂಗಳೂರಿನಲ್ಲಿ ಗುಡುಗು ಸಿಡಿಲಿನ ಮಳೆ. ಏಳು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಅದೇ ವೇಳೆಗೆ ನಮ್ಮ ನೆರೆಮನೆಯವರ ತಾಯಿಗೆ, ಎಂಬತ್ತು ದಾಟಿದ ವೃದ್ಧೆಗೆ, ಉಸಿರಾಟದ ತೊಂದರೆಯಾಯಿತು. ಆಂಬುಲೆನ್ಸ್ ಬೇಗನೆ ಬಂದಿತು. ಬಂದು ಬಾಗಿಲ ಹೊರಗೆ ನಿಂತಿತು. ವಾಹನಗಳ ಬಾಗಿಲು ಮೋಟಾರಿನ ಬಲದಿಂದ ಪಕ್ಕಕ್ಕೆ ಸರಿಯತಕ್ಕದ್ದು. ಜನರೇಟರು ಹತ್ತಿಕೊಂಡ ಮೇಲೆ ಕಾವಲುಗಾರ ಗುಂಡಿ ಒತ್ತಿದ, ಸರಿಯಲಿಲ್ಲ. ನಾಲ್ವರು ಸೇರಿ ನೂಕಿದೆವು; ಜಗ್ಗಲಿಲ್ಲ. ಮೋಟಾರಿನಿಂದ ಬಾಗಿಲನ್ನು ಬಿಡಿಸುವ ಕೀಲಿಕೈ ಸಂಘದ ಕಾರ್ಯದರ್ಶಿಗಳ ಕಪಾಟಿನಲ್ಲಿತ್ತು, ಕಾರ್ಯದರ್ಶಿಗಳು ಮೈಸೂರಿನಲ್ಲಿದ್ದರು. ಪಕ್ಕದಲ್ಲಿ ಕಾಲ್ನಡಿಗೆಯವರಿಗಾಗಿ ಒಂದು ಚಿಕ್ಕ ಬಾಗಿಲುಂಟು. ಅದರ ಗುಂಡಿ ಒತ್ತಿದರೂ ಅದು ಬಿಡಲಿಲ್ಲ. ಅಪಾಯದ ಕಾಲಕ್ಕೆಂದು ಗೋಡೆಯ ಮೇಲೆ ಹಸಿರು ಬಣ್ಣದ ಗಾಜಿನ ಪೆಟ್ಟಿಗೆಯೊಂದಿದೆ. ಗಾಜು ಒಡೆದರೆ ಬಾಗಿಲು ಬಿಡಬೇಕು. ಕಾವಲುಗಾರ ಅದನ್ನು ಒಡೆದ. ಏನೂ ಆಗಲಿಲ್ಲ. “ಗಾಜ ಒಡದ್ರೂ ಬಿಡವಲ್ದರಿ ಸರ” ಎಂದ ಯಾದಗಿರಿಯ ಕಡೆಯ ಆ ಹುಡುಗನ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ.

ಕೊನೆಗೆ ಅವನೇ ತೋಟದ ಮಾಲಿಯ ಹಾರೆಯನ್ನು ತಂದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ತುರುಕಿ ಮೀಟಿದ. ಎರಡನೆಯ ಮೀಟಿಗೆ ಬಾಗಿಲು ಕಳಚಿಕೊಂಡಿತು. ಎಲ್ಲ ಸೇರಿ ಹೆಚ್ಚು ಕಡಮೆ ಕಾಲು ಗಂಟೆ ಹಿಡಿಯಿತು. ಆ ತಾಯಿ ಬದುಕಿದರು. ಒಂಬತ್ತು ದಿನಗಳ ಮೇಲೆ ಮನೆಗೆ ಬಂದರು. ಆದರೆ ಆ ಕಾಲು ಗಂಟೆಯ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬಾಗಿಲನ್ನು ಕೂಡಿಸಿದ ಸಂಸ್ಥೆಯವರು ಮೂರು ದಿನ ಬಿಟ್ಟು ಬರುವುದಾಗಿ ತಿಳಿಸಿದರು. ಅಷ್ಟು ದಿನ ಕಾಯಲಾರದೆ ನಾವು ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಒಬ್ಬ ರಿಪೇರಿಯ ಯುವಕನನ್ನು ಕರೆಸಿದೆವು. ಹೆಗಲಲ್ಲಿ ಒಂದು ಚೀಲ, ಅದರಲ್ಲಿ ಒಂದು ಮೀಟರು, ಬೆಸುಗೆಯ ಕಡ್ಡಿ, ಒಂದು ಹಿಡಿ ತಿರುಪುಮೊಳೆ. ನಾಲ್ವತ್ತು ವರ್ಷ ಪಾಠ ಹೇಳಿದ ನಾನು ಅಂದು ಒಂದು ಹಗಲು ಅವನ ಶಿಷ್ಯನಾದೆ. ಅವನು ತಿಳಿಸಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಈ ಬಾಗಿಲುಗಳ ವಿಷಯದಲ್ಲಿ ನಮಗಿರುವ ಭಯಭಕ್ತಿಗಳಿಗೆ ನಮ್ಮ ಅಜ್ಞಾನವೇ ಮೂಲ ಎಂಬುದು ನನಗೆ ಅಂದು ಮನದಟ್ಟಾಯಿತು.

ನಾವು ಜೇಬಿನಲ್ಲಿಟ್ಟುಕೊಳ್ಳುವ ಕಾರ್ಡಿನೊಳಗೆ ಬ್ಯಾಟರಿಯಿಲ್ಲ. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಒಂದು ಸುರುಳಿ, ಸಾಸಿವೆಕಾಳಿನಷ್ಟು ಒಂದು ಚಿಪ್ಪು, ಇಷ್ಟೇ. ಬಾಗಿಲ ಪಕ್ಕದ ಓದುಪೆಟ್ಟಿಗೆಯಲ್ಲಿಯೂ ಒಂದು ಸುರುಳಿಯುಂಟು. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ 1,25,000 ಸಲ ಹಿಂದುಮುಂದಾಗುತ್ತ ಸುತ್ತಲೂ ಒಂದು ಕಾಂತಕ್ಷೇತ್ರವನ್ನು ಹರಡುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನಿಟ್ಟರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡು ತೋರಿಸಿದ ಸಂಗತಿ ಇದು. ಕಾರ್ಡು ಹತ್ತಿರ ಬಂದೊಡನೆ ಈ ಎರವಲು ಶಕ್ತಿಯಿಂದ ಚಿಪ್ಪು ಎಚ್ಚತ್ತು ತನ್ನ ಸಂಖ್ಯೆಯನ್ನು ಹೇಳಿ ಮತ್ತೆ ಮಲಗುತ್ತದೆ. ಅದು ಹೇಳುವುದು ಸಂಖ್ಯೆಯೊಂದನ್ನೇ. ಕಾರ್ಡು ಹಿಡಿದವನು ಅದರ ಒಡೆಯನೋ, ಅದನ್ನು ಬೀದಿಯಲ್ಲಿ ಹೆಕ್ಕಿಕೊಂಡವನೋ ಎಂಬ ವಿಚಾರಣೆ ಅಲ್ಲಿಲ್ಲ. “ಬಂದವರು ಯಾರೆಂದು ತಿಳಿಯುತ್ತದೆ” ಎಂದು ನಾವು ಹೆಮ್ಮೆಪಡುತ್ತಿದ್ದೆವಲ್ಲ, ಆ ತಿಳಿವಳಿಕೆಯ ಆಳ ಇಷ್ಟು.

ಓದುಪೆಟ್ಟಿಗೆಯಿಂದ ಒಳಗಿನ ನಿಯಂತ್ರಕ ಪೆಟ್ಟಿಗೆಗೆ ಆ ಸಂಖ್ಯೆ ಎರಡು ತಂತಿಗಳ ಮೇಲೆ ಹೋಗುತ್ತದೆ. ಒಂದು ತಂತಿ ಮಿಡಿದರೆ ಸೊನ್ನೆ, ಇನ್ನೊಂದು ಮಿಡಿದರೆ ಒಂದು. ವೀಗಂಡ್ ಎಂಬ ಹೆಸರಿನ ಈ ಪದ್ಧತಿಯ ಸಾಮಾನ್ಯ ರೂಪದಲ್ಲಿ ಒಟ್ಟು 26 ಮಿಡಿತಗಳು. ಮೊದಲಿನದೂ ಕೊನೆಯದೂ ತಪ್ಪು ಪರೀಕ್ಷೆಗೆ. ನಡುವಿನ ಎಂಟು ಸ್ಥಳದ ಗುರುತಿಗೆ. ಉಳಿದ ಹದಿನಾರು ಕಾರ್ಡಿನ ಸಂಖ್ಯೆಗೆ. ಹದಿನಾರು ಮಿಡಿತಗಳಿಂದ 65,536 ಸಂಖ್ಯೆಗಳನ್ನು ಹೇಳಬಹುದು. ಛಂದಸ್ಸಿನ ಪಾಠದಲ್ಲಿ ಲಘು ಗುರುಗಳ ಪ್ರಸ್ತಾರ ಹಾಕಿಸಿದವನಿಗೆ ಈ ಲೆಕ್ಕ ಹೊಸದಲ್ಲ. ಎರಡೇ ಗುರುತುಗಳಿಂದ ಎಷ್ಟು ವೃತ್ತಗಳು ಹುಟ್ಟುತ್ತವೆಂದು ನಮ್ಮ ಶಾಸ್ತ್ರಕಾರರು ಎಂದೋ ಎಣಿಸಿದ್ದಾರೆ. ಇರಲಿ. ನಿಯಂತ್ರಕವು ಬಂದ ಸಂಖ್ಯೆಯನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ರಿಲೇ ಎಂಬ ಪುಟ್ಟ ಸ್ವಿಚ್ಚನ್ನು ಕೆಲವು ಸೆಕೆಂಡುಗಳ ಕಾಲ ಎಳೆಯುತ್ತದೆ. ಬಾಗಿಲ ಬಳಿ ನಮಗೆ ಕೇಳಿಸುವ ‘ಟಿಕ್’ ಎಂಬ ಸದ್ದು ಅದೇ.

ಚಿಕ್ಕ ಬಾಗಿಲನ್ನು ಹಿಡಿದಿರುವುದು ವಿದ್ಯುತ್ತಿನ ಸೂಜಿಗಲ್ಲು. ಚೌಕಟ್ಟಿನಲ್ಲಿ ಸುರುಳಿ ಸುತ್ತಿದ ಕಬ್ಬಿಣ, ಕದದ ಮೇಲೆ ಒಂದು ಉಕ್ಕಿನ ಪಟ್ಟಿ. ಹನ್ನೆರಡು ವೋಲ್ಟಿನಲ್ಲಿ ಅರ್ಧ ಆಂಪಿಯರ್ ಹರಿದರೆ, ಅಂದರೆ ಒಂದು ಪುಟ್ಟ ಎಲ್‌ಇಡಿ ದೀಪಕ್ಕೆ ಬೇಕಾಗುವಷ್ಟು ಶಕ್ತಿಯಿಂದ, ಅದು ಸುಮಾರು 270 ಕಿಲೋಗ್ರಾಮಿನ ಎಳೆತವನ್ನು ತಡೆಯುತ್ತದೆ. ಕರೆಂಟು ಕಡಿದೊಡನೆ ಹಿಡಿತ ಸಡಿಲುತ್ತದೆ. ವಿದ್ಯುತ್ತು ಹೋದರೆ ಮನುಷ್ಯ ಒಳಗೆ ಸಿಕ್ಕಿಕೊಳ್ಳಬಾರದೆಂಬ ವಿವೇಕದಿಂದಲೇ ಇದನ್ನು ಹೀಗೆ ಮಾಡಿದ್ದಾರೆ. ಹಾಗಾದರೆ ನಮ್ಮದು ಏಕೆ ಬಿಡಲಿಲ್ಲ?

ಯುವಕ ಪೆಟ್ಟಿಗೆಯ ಮುಚ್ಚಳ ತೆಗೆದು ಮೀಟರಿನ ಎರಡು ಮೊನೆಗಳನ್ನು ಅಲ್ಲಲ್ಲಿ ಇಡುತ್ತ ಹೋದ. ನಾಡಿ ಹಿಡಿದ ವೈದ್ಯನಂತೆ ಒಂದೊಂದು ಕಡೆಯೂ ಕ್ಷಣಕಾಲ ನಿಂತ. ಆಮೇಲೆ, “ಸಾರ್, ಸೂಜಿಗಲ್ಲು ಸರಿಯಾಗಿಯೇ ಇದೆ. ಬ್ಯಾಟರಿಯೂ ಸರಿಯಾಗಿದೆ. ಅದಕ್ಕೇ ಬಿಡಲಿಲ್ಲ” ಎಂದ. ಸಿಡಿಲಿನ ಹೊಡೆತ ಹೊರಗಿನ ಉದ್ದ ತಂತಿಗಳ ಮೂಲಕ ನುಗ್ಗಿ, ಹನ್ನೆರಡು ವೋಲ್ಟನ್ನು ಐದಕ್ಕಿಳಿಸುವ ಮೂರು ಕಾಲಿನ ಬಿಡಿಭಾಗವೊಂದನ್ನು ಸುಟ್ಟಿತ್ತು. ನಿಯಂತ್ರಕ ಅಲ್ಲಿಗೆ ಸತ್ತಿತು. ರಿಲೇ ವಿಶ್ರಾಂತಿಯಲ್ಲಿರುವಾಗ ಸೂಜಿಗಲ್ಲಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಎಳೆದಾಗ ಮಾತ್ರ ಕಡಿಯುತ್ತದೆ. ಎಳೆಯತಕ್ಕವನೇ ಸತ್ತ ಮೇಲೆ ಕಡಿಯುವವರು ಯಾರು? ಏಳು ಆಂಪಿಯರ್ ಗಂಟೆಯ ಬ್ಯಾಟರಿ ಬೆಳಗಿನವರೆಗೂ ಆ ಬಾಗಿಲನ್ನು ನಿಷ್ಠೆಯಿಂದ ಹಿಡಿದಿರುತ್ತಿತ್ತು.

ಹಸಿರು ಗಾಜಿನ ಪೆಟ್ಟಿಗೆಯ ಸಂಗತಿ ಇದಕ್ಕಿಂತ ದಾರುಣ. ಸೂಜಿಗಲ್ಲಿಗೆ ಹೋಗುವ ತಂತಿಯೇ ಆ ಪೆಟ್ಟಿಗೆಯೊಳಗೆ ಹಾದುಹೋಗಬೇಕು. ಗಾಜು ಒಡೆದರೆ ಯಾರ ಅಪ್ಪಣೆಯನ್ನೂ ಕೇಳದೆ ತಂತಿ ಕಡಿಯಬೇಕು. ಅದು ಇರುವುದೇ ಅದಕ್ಕಾಗಿ. ನಮ್ಮಲ್ಲಿ ಅದರ ತಂತಿಗಳನ್ನು ನಿಯಂತ್ರಕಕ್ಕೆ ಎಳೆದಿದ್ದರು. ಗಾಜು ಒಡೆದದ್ದು ನಿಯಂತ್ರಕಕ್ಕೆ ಒಂದು ಅರ್ಜಿ ಸಲ್ಲಿಸಿದಂತಾಯಿತು. ಅರ್ಜಿಯನ್ನು ಓದುವವನು ಸತ್ತಿದ್ದ. ಹೀಗೇಕೆ ಮಾಡಿದರೆಂದು ನಾನು ಕೇಳಿದೆ. “ಹತ್ತು ಮೀಟರು ವಯರು ಉಳೀತು ಸಾರ್” ಎಂದು ಅವನು ನಕ್ಕ. ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಯಾರಾದರೂ ಪರೀಕ್ಷಿಸಿದ್ದರೆ ಇದು ಹೊರಬೀಳುತ್ತಿತ್ತು. ಪರೀಕ್ಷಿಸತಕ್ಕದ್ದೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ದೊಡ್ಡ ಬಾಗಿಲಿನ ರೋಗ ಬೇರೆ. ಅದರ ಕೆಳಗೆ ಉದ್ದಕ್ಕೂ ಹಲ್ಲುಪಟ್ಟಿಯಿದೆ. ಮೋಟಾರಿನ ಹಲ್ಲುಗಾಲಿ ಅದನ್ನು ಕಚ್ಚಿ ತಳ್ಳುತ್ತದೆ. ಮೋಟಾರಿನೊಳಗಿನ ತಿರುಪುಗಾಲಿಯ ಗುಣವೇನೆಂದರೆ, ಮೋಟಾರು ಬಾಗಿಲನ್ನು ನಡೆಸಬಲ್ಲುದು, ಬಾಗಿಲು ಮೋಟಾರನ್ನು ತಿರುಗಿಸಲಾರದು. ನಾವು ನಾಲ್ವರಲ್ಲ, ಹತ್ತು ಜನ ನೂಕಿದ್ದರೂ ಅದು ಸರಿಯುತ್ತಿರಲಿಲ್ಲ. ಕೀಲಿಕೈಯಿಂದ ಸಣ್ಣ ಮುಚ್ಚಳ ತೆರೆದು ಸನ್ನೆಯನ್ನು ಎಳೆದರೆ ಹಲ್ಲುಗಾಲಿ ಸಡಿಲಾಗಿ, ಆಮೇಲೆ ಒಬ್ಬ ಹುಡುಗನೂ ಬಾಗಿಲನ್ನು ನೂಕಬಹುದು. ಮೋಟಾರಿನ ಹಲಗೆಯಲ್ಲಿ ವೇರಿಸ್ಟರ್ ಎಂಬ ನೀಲಿ ಬಿಲ್ಲೆಯೊಂದು ಒಡೆದಿತ್ತು. ಮಿತಿಮೀರಿದ ವೋಲ್ಟೇಜು ಬಂದಾಗ ತಾನು ಸುಟ್ಟುಕೊಂಡು ಉಳಿದವರನ್ನು ಕಾಯುವುದು ಅದರ ಕೆಲಸ. ಅದು ತನ್ನ ಕೆಲಸವನ್ನು ಮಾಡಿ ಸತ್ತಿತ್ತು. ಅದರ ಜೊತೆಗೆ ಒಂದು ಫ್ಯೂಸ್. ಎರಡೂ ಸೇರಿ ನಾಲ್ವತ್ತು ರೂಪಾಯಿ ಆಗಲಿಲ್ಲ. ಹಿಂದೊಮ್ಮೆ ಇದೇ ಬಗೆಯ ದೋಷಕ್ಕೆ ಸಂಸ್ಥೆಯವರು ಇಡೀ ಹಲಗೆಯನ್ನೇ ಬದಲಿಸಿ ಹನ್ನೆರಡು ಸಾವಿರ ರೂಪಾಯಿಯ ಬಿಲ್ಲು ಕೊಟ್ಟಿದ್ದರು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. ಕದದ ಮೇಲಿನ ಉಕ್ಕಿನ ಪಟ್ಟಿ ಗಟ್ಟಿಯಾಗಿ ಕೂತಿರಬಾರದು. ನಡುವಿನ ಒಂದೇ ಬೋಲ್ಟಿನ ಮೇಲೆ, ರಬ್ಬರಿನ ಬಿಲ್ಲೆಯ ಆಸರೆಯಲ್ಲಿ, ತುಸು ಅಲುಗಾಡುತ್ತಿರಬೇಕು. ಆಗ ಮಾತ್ರ ಅದು ಸೂಜಿಗಲ್ಲಿನ ಮುಖಕ್ಕೆ ಸಮನಾಗಿ ಅಂಟುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಹಿಡಿತ ಬಹುಮಟ್ಟಿಗೆ ಕುಗ್ಗುತ್ತದೆ. ಅಲುಗಾಡುವುದೆಲ್ಲ ಕೆಟ್ಟಿದೆಯೆಂದು ತಿಳಿಯುವ ನಮ್ಮಂಥವರು ಅದನ್ನು ಬಿಗಿಮಾಡುತ್ತೇವೆ. ಮರುದಿನದಿಂದ ಬಾಗಿಲು ಸುಮ್ಮನೆ ನೂಕಿದರೂ ತೆರೆದುಕೊಳ್ಳುತ್ತದೆ. ಸೂಜಿಗಲ್ಲು ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತೇವೆ. ಈ ವಿದ್ಯೆ ಯಾವ ಕೈಪಿಡಿಯ ಎಷ್ಟನೆಯ ಪುಟದಲ್ಲಿದ್ದರೂ ನಮ್ಮ ಕೈಗೆ ಬಂದಿರಲಿಲ್ಲ. ಕೈಪಿಡಿಯೇ ಬಂದಿರಲಿಲ್ಲ.

ಕಾರ್ಡಿನ ಮಾತಾಯಿತು, ಬೆರಳಿನ ಮಾತನ್ನೂ ಆಡಬೇಕು. ಮನೆಗೆಲಸದವರು ಕಾರ್ಡು ಕಳೆದಾರೆಂದು ನಮ್ಮಲ್ಲಿ ಅವರಿಗೆ ಬೆರಳಿನ ಗುರುತು. ಬೆರಳಿನಿಂದ ಮನುಷ್ಯನನ್ನು ಗುರುತಿಸುವ ವಿದ್ಯೆ ನಮ್ಮ ದೇಶಕ್ಕೆ ಹಳೆಯದು. ಕಲ್ಕತ್ತೆಯಲ್ಲಿ 1897ರಲ್ಲಿಯೇ ಅದಕ್ಕೊಂದು ಸರಕಾರಿ ಕಚೇರಿ ಇತ್ತು. ಯಂತ್ರವು ಬೆರಳಿನ ಚಿತ್ರವನ್ನೇ ಹೋಲಿಸುವುದಿಲ್ಲ. ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಹೋಲಿಸುತ್ತದೆ. ಆದರೆ ಮೂವತ್ತು ವರ್ಷ ಪಾತ್ರೆ ತಿಕ್ಕಿದ, ಬಟ್ಟೆ ಒಗೆದ ಕೈಯಲ್ಲಿ ಆ ಗೆರೆಗಳು ಎಷ್ಟು ಉಳಿದಾವು? ನಮ್ಮ ಮನೆಗೆ ಬರುವ ಹೆಂಗಸು ವಾರಕ್ಕೆರಡು ದಿನವಾದರೂ ಬಾಗಿಲಲ್ಲಿ ಬೆರಳನ್ನು ಸೆರಗಿಗೆ ಒರಸುತ್ತ, ಮತ್ತೆ ಒತ್ತುತ್ತ, ಮತ್ತೆ ಒರಸುತ್ತ ನಿಂತಿರುವುದನ್ನು ನಾನು ಮಾಳಿಗೆಯಿಂದ ನೋಡಿದ್ದೇನೆ. ಯಾರ ದುಡಿಮೆಯಿಂದ ನಮ್ಮ ಮನೆಗಳು ಶುಚಿಯಾಗಿವೆಯೋ ಅವರ ದುಡಿಮೆಯೇ ಅವರನ್ನು ಬಾಗಿಲಲ್ಲಿ ನಿಲ್ಲಿಸುವುದು ನಾಚಿಕೆಯ ಮಾತು. ಪರಿಹಾರ ಕಷ್ಟದ್ದಲ್ಲ. ನಾಲ್ಕಾರು ಬೆರಳುಗಳನ್ನು ನಮೂದಿಸಬಹುದು, ಅಥವಾ ಎಲ್ಲರಂತೆ ಅವರಿಗೂ ಒಂದು ಕಾರ್ಡು ಕೊಡಬಹುದು. ಕೊಡಲು ಮಾತ್ರ ಪೆಟ್ಟಿಗೆಯ ಗುಪ್ತಪದ ಬೇಕು. ಗುಪ್ತಪದ ಸಂಸ್ಥೆಯವರ ಬಳಿ ಇದೆ.

ನನ್ನ ತಕರಾರು ಇಲ್ಲಿಗೆ ಬಂದು ನಿಲ್ಲುತ್ತದೆ. ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ರಾತ್ರಿಯ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬರುವ ಹೆಣ್ಣುಮಕ್ಕಳು ಯಾರನ್ನೂ ಎಬ್ಬಿಸದೆ ಒಳಗೆ ಬರುತ್ತಾರೆ. ಗಾಲಿಕುರ್ಚಿಯ ಹಿರಿಯರೊಬ್ಬರು ಇನ್ನೊಬ್ಬರ ಹಂಗಿಲ್ಲದೆ ಹೊರಗೆ ಹೋಗಿಬರುತ್ತಾರೆ. ಅದು ಸಣ್ಣ ಉಪಕಾರವಲ್ಲ. ಆದರೆ ನಮ್ಮ ಬಾಗಿಲಿನ ಕೀಲು ನಮಗೆ ತಿಳಿಯಬಾರದು, ನಮ್ಮ ಕಾವಲುಗಾರನಿಗೆ ತಿಳಿಯಬಾರದು, ಹೊರಗಿನ ಕುಶಲಿ ಮುಟ್ಟಬಾರದು ಎಂಬ ನಿಬಂಧನೆಯನ್ನು ನಾನು ಒಪ್ಪಲಾರೆ. ರಹಸ್ಯವಾಗಿಟ್ಟರೆ ತಾನೇ ಭದ್ರತೆ ಎಂದು ಅವರು ವಾದಿಸುತ್ತಾರೆ. ಈ ವಾದ ಸವಕಲಾಗಿ ಬಹಳ ಕಾಲವಾಯಿತು. ಒಗುಸ್ತ್ ಕೆರ್ಕ್‌ಹಾಫ್ಸ್ ಎಂಬವರು, ನಮ್ಮ ಹಾಗೆಯೇ ಭಾಷೆ ಕಲಿಸುತ್ತಿದ್ದ ಅಧ್ಯಾಪಕರು, 1883ರಲ್ಲಿ ಗುಪ್ತಲಿಪಿಯನ್ನು ಕುರಿತು ಬರೆಯುತ್ತ, ಯಂತ್ರದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೆಡದಂಥದೇ ನಿಜವಾದ ಭದ್ರತೆ, ಗುಟ್ಟು ಕೀಲಿಕೈಯಲ್ಲಿರಬೇಕು, ಬೀಗದಲ್ಲಲ್ಲ ಎಂಬ ಅರ್ಥದ ಮಾತನ್ನು ಹೇಳಿದ್ದರು.

ಅದನ್ನು ಮರೆತವರಿಗೆ ಏನಾಯಿತೆಂಬುದಕ್ಕೆ ಈ ಕಾರ್ಡುಗಳ ಚರಿತ್ರೆಯಲ್ಲಿಯೇ ನಿದರ್ಶನವಿದೆ. 1994ರಲ್ಲಿ ಮೈಫೇರ್ ಕ್ಲಾಸಿಕ್ ಎಂಬ ಕಾರ್ಡು ಹೊರಬಂದಿತು. ಸಾರಿಗೆ, ಕಚೇರಿ, ಬಾಗಿಲು, ಎಲ್ಲೆಡೆಗೂ ಅದು ಹಬ್ಬಿತು. ಅದರ ಗುಪ್ತಲಿಪಿಯ ಕ್ರಮವನ್ನೇ ಗುಟ್ಟಾಗಿಟ್ಟಿದ್ದರು. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಒಂದು ಸಮ್ಮೇಳನದಲ್ಲಿ ಸಂಶೋಧಕರಿಬ್ಬರು, ಚಿಪ್ಪನ್ನು ಪದರ ಪದರವಾಗಿ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಗುಟ್ಟನ್ನು ಕಂಡುಕೊಂಡ ಬಗೆಯನ್ನು ವಿವರಿಸಿದರು. ಮರುವರ್ಷ ಹಾಲೆಂಡಿನ ನೈಮೇಗನ್ನಿನ ವಿಶ್ವವಿದ್ಯಾಲಯದವರು ಅದನ್ನು ಪೂರ್ಣವಾಗಿ ಭೇದಿಸಿದರು. ಫಿಲಿಪ್ಸಿನಿಂದ ಬೇರೆಯಾಗಿದ್ದ ಎನ್‌ಎಕ್ಸ್‌ಪಿ ಸಂಸ್ಥೆ ಪ್ರಕಟಣೆಯನ್ನು ತಡೆಯಲು ನ್ಯಾಯಾಲಯಕ್ಕೆ ಹೋಯಿತು. 2008ರ ಜುಲೈಯಲ್ಲಿ ನ್ಯಾಯಾಲಯ ತಡೆಯಲು ಒಪ್ಪಲಿಲ್ಲ. ಗುಟ್ಟಿನಿಂದ ಕಳ್ಳ ಹೊರಗುಳಿಯಲಿಲ್ಲ.

ಬಡಪಾಯಿ ಸಂಘಗಳ ಮಾತು ಹಾಗಿರಲಿ, ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಲ್ಲೊಂದಾದ ಫೇಸ್‌ಬುಕ್ಕಿನ ಜಾಲ 2021ರ ಅಕ್ಟೋಬರ್ 4ರಂದು ಸುಮಾರು ಆರು ಗಂಟೆಗಳ ಕಾಲ ನಿಂತುಹೋದಾಗ, ದುರಸ್ತಿಗೆ ಹೊರಟ ಅದರ ಎಂಜಿನಿಯರುಗಳಿಗೆ ತಮ್ಮದೇ ಯಂತ್ರಾಗಾರಗಳೊಳಗೆ ಹೋಗಿ ಕೆಲಸ ಹಿಡಿಯಲು ತಡವಾಯಿತು. ಒಳನುಗ್ಗುವುದು ಕಷ್ಟವಾಗಲೆಂದೇ ಅವನ್ನು ಕಟ್ಟಿದ್ದೆವೆಂದು ಆ ಸಂಸ್ಥೆಯೇ ಬರೆದುಕೊಂಡಿದೆ. ಅವರಿಗೂ ದಿಡ್ಡಿಬಾಗಿಲಿನ ನೆನಪು ಇರಲಿಲ್ಲವೆಂದು ಕಾಣುತ್ತದೆ.

ಕೋಟೆಗಳನ್ನು ಕಂಡವರಿಗೆ ದಿಡ್ಡಿಬಾಗಿಲೆಂದರೇನೆಂದು ಹೇಳಬೇಕಾಗಿಲ್ಲ. ಆನೆಯೂ ಮುರಿಯಲಾರದ ಹೆಬ್ಬಾಗಿಲಿನ ಮೈಯಲ್ಲಿಯೇ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ಸಣ್ಣ ಬಾಗಿಲು. ಸಂಜೆ ಹೆಬ್ಬಾಗಿಲು ಮುಚ್ಚಿದ ಮೇಲೆ ತಡವಾಗಿ ಬಂದ ಪಯಣಿಗ, ಬಸುರಿ ಹೆಂಗಸಿಗೆ ಸೂಲಗಿತ್ತಿಯನ್ನು ಕರೆಯಹೊರಟವನು, ಇಂಥವರ ಮುಖ ನೋಡಿ, ಮಾತು ಕೇಳಿ, ಕಾವಲಿನವನು ಅದನ್ನು ತೆರೆಯುತ್ತಿದ್ದ. ಅವನು ತಪ್ಪಬಹುದಿತ್ತು. ವೈಕುಂಠದ ಬಾಗಿಲಲ್ಲಿ ಜಯವಿಜಯರೂ ತಪ್ಪಿದರು. ಸನಕಾದಿಗಳನ್ನು ತಡೆದು ಮೂರು ಜನ್ಮಗಳ ಶಾಪ ಹೊತ್ತರು. ತಡೆದವರು ಯಾರೆಂದು ತಿಳಿದಿದ್ದರಿಂದ ಶಾಪಕ್ಕೊಂದು ವಿಳಾಸವಿತ್ತು. ನಮ್ಮ ನೆರೆಮನೆಯ ತಾಯಿಯನ್ನು ಕಾಲು ಗಂಟೆ ತಡೆದವರು ಯಾರು? ಕಾವಲುಗಾರನೇ? ಅವನಿಗೆ ನಾವು ಕೊಟ್ಟದ್ದು ಒಂದು ಗುಂಡಿ, ಒಂದು ಸಿಳ್ಳು. ಕೀಲಿಕೈಯನ್ನು ಕೊಡಲಿಲ್ಲ, ಏಕೆಂದರೆ ಅವನನ್ನು ನಂಬಲಿಲ್ಲ. ಅವನ ಮೇಲಿನ ಅಪನಂಬಿಕೆಗಾಗಿಯೇ ಅಷ್ಟು ಹಣ ಸುರಿದು ಯಂತ್ರವನ್ನು ತಂದದ್ದು ಎಂದರೂ ತಪ್ಪಾಗದು. ಕೊನೆಗೆ ಬಾಗಿಲು ತೆರೆದದ್ದು ಅವನೇ.

ರಿಪೇರಿಯ ಹಕ್ಕು ಎಂಬ ಮಾತು ಈಗ ನಮ್ಮ ದೇಶದಲ್ಲಿಯೂ ಕೇಳಿಬರುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಬೇಸಾಯದ ಉಪಕರಣ, ಮೊಬೈಲು, ಗೃಹೋಪಯೋಗಿ ಯಂತ್ರ, ವಾಹನ ಎಂಬ ನಾಲ್ಕು ವಿಭಾಗಗಳನ್ನು ಮೊದಲಿಗೆ ಆರಿಸಿಕೊಂಡರು. ಬಾಗಿಲನ್ನು ಯಾರೂ ನೆನೆದಂತಿಲ್ಲ. ಮೊಬೈಲು ಕೆಟ್ಟರೆ ಮಾತು ನಿಲ್ಲುತ್ತದೆ. ಬಾಗಿಲು ಕೆಟ್ಟರೆ ನಿಲ್ಲುವುದು ಏನೆಂದು ಆ ರಾತ್ರಿ ನಾವು ನೋಡಿದೆವು. ಇಂಥ ಬಾಗಿಲನ್ನು ಮಾರುವವರು ತಂತಿಗಳ ನಕ್ಷೆಯನ್ನೂ ಗುಪ್ತಪದವನ್ನೂ ಕೊಂಡವರಿಗೆ ಕೊಡಬೇಕು. ಬಿಡಿಸುವ ಕೀಲಿಕೈ ಬಾಗಿಲ ಬಳಿಯೇ, ಕಾವಲುಗಾರನ ವಶದಲ್ಲಿರಬೇಕು. ನಿಯಂತ್ರಕವನ್ನು ಆರಿಸಿ ಗಾಜಿನ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇದರಲ್ಲಿ ಹೆಚ್ಚಿನ ಖರ್ಚಿನ ಮಾತು ಒಂದೂ ಇಲ್ಲ.

ಯುವಕ ಅಂದು ಸಂಜೆಯೊಳಗೆ ಎರಡು ಬಾಗಿಲುಗಳನ್ನೂ ಸರಿಮಾಡಿದ. ಸೂಜಿಗಲ್ಲಿನ ತಂತಿಯನ್ನು ಹಸಿರು ಪೆಟ್ಟಿಗೆಯ ಮೂಲಕವೇ ಹಾಯಿಸಿ, ನಿಯಂತ್ರಕವನ್ನು ಆರಿಸಿ, ಕಾವಲುಗಾರನ ಕೈಯಿಂದಲೇ ಒತ್ತಿಸಿದ. ಬಾಗಿಲು ‘ಟಪ್’ ಎಂದು ಬಿಟ್ಟಿತು. ಆ ಹುಡುಗ ಮತ್ತೆ ಮತ್ತೆ, ನಾಲ್ಕು ಸಲ ಒತ್ತಿ ನೋಡಿದ. ಸಂಸ್ಥೆಯವರು ನಾಲ್ಕನೆಯ ದಿನ ಬಂದು, ಹೊರಗಿನವರು ಕೈಯಿಟ್ಟದ್ದರಿಂದ ಒಪ್ಪಂದ ಮುರಿದಿದೆ, ತಂತಿಗಳನ್ನು ಮೊದಲಿನಂತೆ ಮಾಡಿದರೆ ಮಾತ್ರ ಮುಂದಿನ ಜವಾಬ್ದಾರಿ ಎಂದು ಪತ್ರ ಕೊಟ್ಟು ಹೋಗಿದ್ದಾರೆ. ಆ ಪತ್ರವನ್ನು ಕುರಿತು ಮುಂದಿನ ಭಾನುವಾರ ಸಂಘದ ಸಭೆಯಿದೆ. ಒಪ್ಪಂದ ಉಳಿಸಿಕೊಳ್ಳೋಣವೆನ್ನುವವರೇ ಹೆಚ್ಚಾಗಿರುವಂತೆ ತೋರುತ್ತದೆ. ಮಾಲಿ ತನ್ನ ಹಾರೆಯನ್ನು ಹಿಂದಕ್ಕೆ ಕೇಳಿದ್ದಾನೆ. ಕಾವಲುಗಾರ ಇನ್ನೂ ಕೊಟ್ಟಿಲ್ಲ.